ಎರಡು ಕೇಬಲ್ ಹಾಕಿದರೂ ಒಂದೇ ಯಾಕೆ ಕೆಲಸ ಮಾಡುತ್ತೆ?

'ಸರ್ವರ್ ಡೌನ್ ಐತ್ರಿ, ನಾಳಿ ಬರ್ರಿ.' ರಾಯಚೂರು, ದೇವದುರ್ಗ, ಮಾನ್ವಿ ಸೀಮೆಯಲ್ಲಿ ಪಹಣಿಗೋ ಜಾತಿ-ಆದಾಯ ಪ್ರಮಾಣಪತ್ರಕ್ಕೋ ಕಚೇರಿಗೆ ಹೋದವರಿಗೆ ಈ ಮಾತು ಹೊಸದಲ್ಲ. ಆ 'ನಾಳಿ'ಗೆ ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜಿನ ಬೆಲೆ ಇದೆ. ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಈ ಉತ್ತರ ಕೇಳಿದಾಗಲೆಲ್ಲ ಏಳುವ ಪ್ರಶ್ನೆ ಒಂದೇ: ಡೌನ್ ಆಗಿದ್ದು ಸರ್ವರ್ರೋ, ಅದಕ್ಕೆ ಹೋಗುವ ದಾರಿಯೋ?

ಭೂಮಿ ಯೋಜನೆಯಿಂದ ಈಚೆಗೆ ನಮ್ಮ ಹಕ್ಕಿನ ದಾಖಲೆಗಳೆಲ್ಲ ಕಂಪ್ಯೂಟರಿನೊಳಗಿವೆ. ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಕೆಸ್ವಾನ್ ಎಂಬ ರಾಜ್ಯದ ಜಾಲವಿದೆ. ಊರಿಂದ ಊರಿಗೆ ದಾರಿ ಆರಿಸುವುದು ರೂಟರ್‌ಗಳ ಕೆಲಸ. ಕಚೇರಿ ಆವರಣದೊಳಗೆ ಕಂಪ್ಯೂಟರ್‌ಗಳನ್ನು ಜೋಡಿಸುವುದು ಸ್ವಿಚ್. ಸ್ಪ್ಯಾನಿಂಗ್ ಟ್ರೀ ಕೆಲಸ ಮಾಡುವುದು ಈ ಸ್ವಿಚ್‌ಗಳ ನಡುವೆ.

ಸುತ್ತು ಬಿದ್ದರೆ ಜಾಲ ಸತ್ತಂತೆ

ಒಂದೇ ಆವರಣದ ಮೂರು ಸ್ವಿಚ್‌ಗಳಿಗೆ ಸುಲಭಕ್ಕೆ ರಾಯಚೂರು, ದೇವದುರ್ಗ, ಮಾನ್ವಿ ಅಂತ ಹೆಸರಿಡೋಣ. ಒಂದು ಕೇಬಲ್ ಕೆಟ್ಟರೆ ಇನ್ನೊಂದಿರಲಿ ಎಂದು ಮೂರನ್ನೂ ತ್ರಿಕೋನದಂತೆ ಜೋಡಿಸಿದ್ದೇವೆ. ಈಗ ದೇವದುರ್ಗದ ಒಂದು ಕಂಪ್ಯೂಟರ್ 'ಪ್ರಿಂಟರ್ ಎಲ್ಲಿದೆ?' ಎಂದು ಎಲ್ಲರಿಗೂ ಕೂಗಿ ಕೇಳುತ್ತದೆ. ಇಂಥ ಕೂಗನ್ನು ಸ್ವಿಚ್ ತಾನು ಪಡೆದ ಬಾಗಿಲೊಂದನ್ನು ಬಿಟ್ಟು ಉಳಿದೆಲ್ಲ ಬಾಗಿಲಿಗೂ ದಾಟಿಸುತ್ತದೆ. ತ್ರಿಕೋನದಲ್ಲಿ ಅದು ಎರಡೂ ದಿಕ್ಕಿನಿಂದ ಸುತ್ತಿ ಮತ್ತೆ ಹೊರಟಲ್ಲಿಗೇ ಬರುತ್ತದೆ, ಮತ್ತೆ ಹೊರಡುತ್ತದೆ. ಇಂಟರ್ನೆಟ್ ಪ್ಯಾಕೆಟ್‌ಗೆ ಇಷ್ಟು ಹೆಜ್ಜೆಯಾದ ಮೇಲೆ ಸಾಯಬೇಕು ಎಂಬ ಆಯುಷ್ಯ ಇರುತ್ತದೆ. ಎತರ್ನೆಟ್ ಫ್ರೇಮ್‌ಗೆ ಅದಿಲ್ಲ. ಕೂಗಿನ ಮೇಲೆ ಕೂಗು ಸೇರಿ ಕ್ಷಣಗಳಲ್ಲಿ ಜಾಲವೆಲ್ಲ ತುಂಬಿಹೋಗುತ್ತದೆ. ಸರ್ವರ್ ಚೆನ್ನಾಗೇ ಇರುತ್ತೆ, ತಲುಪೋಕಾಗಲ್ಲ ಅಷ್ಟೇ.

ಇದಕ್ಕೆ 1985ರಲ್ಲಿ ಪರಿಹಾರ ಕೊಟ್ಟವರು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿದ್ದ ರೇಡಿಯಾ ಪರ್ಲ್‌ಮನ್. ಸ್ವಿಚ್‌ಗಳು ತಮ್ಮತಮ್ಮಲ್ಲೇ ಸಣ್ಣ ಸಂದೇಶ ಕಳಿಸಿಕೊಂಡು ಒಂದನ್ನು ಬೇರು ಎಂದು ಆರಿಸುತ್ತವೆ. ಪ್ರತಿ ಸ್ವಿಚ್ ಬೇರಿಗೆ ಅತಿ ಅಗ್ಗದ ದಾರಿ ಹುಡುಕುತ್ತದೆ. ಸುತ್ತು ಉಂಟುಮಾಡುವ ದಾರಿ ಮುಚ್ಚಿಕೊಳ್ಳುತ್ತದೆ. ಉಳಿಯುವುದು ಕೊಂಬೆ ಕೊಂಬೆಯಾಗಿ ಹರಡಿದ, ಎಲ್ಲೂ ಸುತ್ತಿಲ್ಲದ ಮರ.

ನಮ್ಮ ಉದಾಹರಣೆಯಲ್ಲಿ ರಾಯಚೂರು ಬೇರು ಅನ್ನಿ. ಹಳೆಯ ಲೆಕ್ಕದಲ್ಲಿ 1 ಗಿಗಾಬಿಟ್ ಕೇಬಲ್ಲಿನ ಬೆಲೆ 4. ದೇವದುರ್ಗದಿಂದ ನೇರ ಹೋದರೆ 4, ಮಾನ್ವಿ ಸುತ್ತಿ ಹೋದರೆ 8. ಹಾಗಾಗಿ ದೇವದುರ್ಗ-ಮಾನ್ವಿ ಕೇಬಲ್ ಒಂದು ತುದಿಯಲ್ಲಿ ಮುಚ್ಚಿ ಮಲಗುತ್ತದೆ. ನೇರ ದಾರಿ ಕಡಿದರೆ ಮಾತ್ರ ಏಳುತ್ತದೆ. ಹಳೆಯ ಸ್ಪ್ಯಾನಿಂಗ್ ಟ್ರೀಯಲ್ಲಿ ಏಳಲು 30ರಿಂದ 50 ಸೆಕೆಂಡ್ ಬೇಕಿತ್ತು. 2001ರಲ್ಲಿ ಬಂದ 'ರ್‍ಯಾಪಿಡ್' ಆವೃತ್ತಿಗೆ ಸಾಮಾನ್ಯವಾಗಿ ಕೆಲವೇ ಸೆಕೆಂಡ್ ಸಾಕು.

ಕಟ್ಟು ಕಟ್ಟಿದರೆ ಏನಾಗುತ್ತೆ?

ರಾಯಚೂರು-ದೇವದುರ್ಗ ನಡುವೆ ದಟ್ಟಣೆ ಜಾಸ್ತಿಯಾಯ್ತು, ಇನ್ನೊಂದು ಕೇಬಲ್ ಎಳೆದೆವು. ವೇಗ ಇಮ್ಮಡಿಯಾಯ್ತಾ? ಇಲ್ಲ. ಸ್ಪ್ಯಾನಿಂಗ್ ಟ್ರೀ ಕಣ್ಣಿಗೆ ಎರಡು ಸ್ವಿಚ್ ನಡುವಿನ ಎರಡು ಕೇಬಲ್ ಕೂಡ ಒಂದು ಸುತ್ತೇ. ಎರಡನೆಯದನ್ನು ಅದು ಮುಚ್ಚಿಬಿಡುತ್ತದೆ. ಈಗ ನಾಲ್ಕು ಕೇಬಲ್‌ಗಳಲ್ಲಿ ಎರಡು ಮಲಗಿವೆ. ಬಿಲ್ ಮಾತ್ರ ನಾಲ್ಕಕ್ಕೂ ಆಗಿದೆ.

ದಾರಿ ಇದೆ: ಎರಡನ್ನೂ ಸೇರಿಸಿ ಒಂದು ಕಟ್ಟು ಮಾಡುವುದು. ಇದನ್ನು ಲಿಂಕ್ ಅಗ್ರಿಗೇಷನ್ ಅಂತಾರೆ. ಇದಕ್ಕೆ 2000ದಲ್ಲಿ ಐಇಇಇ ಮಾನದಂಡ ಬಂತು. ಕಟ್ಟಿದ ಮೇಲೆ ಸ್ಪ್ಯಾನಿಂಗ್ ಟ್ರೀಗೆ ಕಾಣುವುದು ಒಂದೇ ಬಾಗಿಲು. ಒಳಗೆ ಎರಡೂ ತಂತಿ ದುಡಿಯುತ್ತವೆ. ಒಂದು ತಂತಿ ಹೋದರೆ ಕಟ್ಟಿನ ಉಳಿದ ತಂತಿ ಹೊರೆ ಹೊರುತ್ತದೆ. ಸ್ವಿಚ್ ಕಟ್ಟಿನ ವೇಗ ನೋಡಿ ಬೆಲೆ ಲೆಕ್ಕ ಹಾಕುವಂಥದ್ದಾದರೆ ಬೆಲೆ 3ರಿಂದ 4ಕ್ಕೆ ಏರಬಹುದು. ಆಗಲೂ ಮಾನ್ವಿ ಸುತ್ತಿನ 8ಕ್ಕಿಂತ ನೇರ ದಾರಿಯೇ ಅಗ್ಗ. ಮರದ ಆಕಾರ ಬದಲಾಗಲ್ಲ, ಕಿಟಕಿಯ ಮುಂದೆ ನಿಂತವರಿಗೆ ಗೊತ್ತೂ ಆಗಲ್ಲ.

ಆದರೆ ಮೂರು ಮಾತು ನೆನಪಿರಲಿ. ಒಂದು, ಎರಡು ಕಂಪ್ಯೂಟರ್‌ಗಳ ನಡುವಿನ ಒಂದು ಸಂಭಾಷಣೆ ಸಾಮಾನ್ಯವಾಗಿ ಒಂದೇ ತಂತಿಯಲ್ಲಿ ಹೋಗುತ್ತದೆ. ಹಲವರ ಕೆಲಸ ಹಂಚಿಹೋಗುತ್ತದೆ, ಒಬ್ಬರ ಡೌನ್‌ಲೋಡ್ ಇಮ್ಮಡಿಯಾಗಲ್ಲ. ಎರಡು, ಕಟ್ಟು ಎರಡೂ ತುದಿಯಲ್ಲಿ ಕಟ್ಟಿರಬೇಕು. ಒಂದು ಕಡೆ ಕಟ್ಟಿ ಇನ್ನೊಂದು ಕಡೆ ಬಿಡಿಬಿಡಿಯಾಗಿ ಬಿಟ್ಟರೆ ಫ್ರೇಮ್‌ಗಳು ನಕಲಾಗಿ ಹಿಂದಿರುಗುತ್ತವೆ, ಯಾವ ವಿಳಾಸ ಯಾವ ಬಾಗಿಲಲ್ಲಿದೆ ಎಂದು ಸ್ವಿಚ್‌ಗೇ ತಿಳಿಯದಾಗುತ್ತದೆ. ಎರಡೂ ತುದಿ ಪರಸ್ಪರ ಕೇಳಿ ಒಪ್ಪಿದ ಮೇಲೆಯೇ ಕಟ್ಟು ಬೀಳುವಂತೆ ನೋಡುವ ಎಲ್‌ಎಸಿಪಿ ಇರುವುದು ಇದಕ್ಕಾಗಿಯೇ. ಮೂರು, ಕಟ್ಟಿನ ಎರಡೂ ತಂತಿ ಒಂದೇ ಗುಂಡಿಯಲ್ಲಿ ಹೋಗಿದ್ದರೆ ಒಂದು ಜೆಸಿಬಿ ಎರಡನ್ನೂ ಕಡಿಯುತ್ತದೆ. ಆಗ ಕಾಯುವುದು ಮಲಗಿದ್ದ ಆ ಮಾನ್ವಿ ಕೇಬಲ್ಲೇ. ಅಂದರೆ ಕಟ್ಟು ಮತ್ತು ಮರ, ಎರಡೂ ಬೇಕು.

ಬೇರು ಯಾರು?

ಬೇರಿನ ಆಯ್ಕೆಯಲ್ಲಿ ಗೆಲ್ಲುವುದು ಅತಿ ಕಡಿಮೆ ಸಂಖ್ಯೆ. ಕಾರ್ಖಾನೆಯಿಂದ ಬರುವಾಗ ಎಲ್ಲ ಸ್ವಿಚ್‌ಗಳ ಆದ್ಯತೆ 32768. ಯಾರೂ ಅದನ್ನು ಬದಲಿಸದಿದ್ದರೆ ಹಾರ್ಡ್‌ವೇರ್ ವಿಳಾಸ ಚಿಕ್ಕದಿದ್ದದ್ದು ಗೆಲ್ಲುತ್ತದೆ. ಅದು ಮೂಲೆಯಲ್ಲಿ ದೂಳು ಹಿಡಿದ ಅತಿ ಹಳೆಯ ಪೆಟ್ಟಿಗೆಯೂ ಆಗಿರಬಹುದು. ನಿರ್ಧಾರ ತೆಗೆದುಕೊಳ್ಳದಿರುವುದೂ ಒಂದು ನಿರ್ಧಾರವೇ!

ನಿರ್ಲಕ್ಷ್ಯದ ಬೆಲೆಗೆ ಅಮೆರಿಕದ ಉದಾಹರಣೆ ಇದೆ. 2002ರ ನವೆಂಬರಿನಲ್ಲಿ ಬಾಸ್ಟನ್‌ನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಜಾಲ ದಿನಗಟ್ಟಲೆ ಕುಸಿದಿತ್ತು. ಯೋಜನೆಯಿಲ್ಲದೆ ಸ್ವಿಚ್‌ಗೆ ಸ್ವಿಚ್ ಪೋಣಿಸುತ್ತ ಬೆಳೆದ ಜಾಲವನ್ನು ಸ್ಪ್ಯಾನಿಂಗ್ ಟ್ರೀ ನಿಭಾಯಿಸಲಾಗಲಿಲ್ಲ. ವೈದ್ಯರು ಮತ್ತೆ ಕಾಗದ-ಪೆನ್ನು ಹಿಡಿದರು.

ಹಾಗಾಗಿ ಮಾಹಿತಿ ಹಕ್ಕಿನ ಅರ್ಜಿ ಬರೆಯುವ ಗೆಳೆಯರಿಗೆ ನನ್ನ ಸಲಹೆ ಇದು. ಜಾಲದ ನಕ್ಷೆ ಕೇಳಬೇಡಿ, ಭದ್ರತೆಯ ನೆಪ ಸಿಗುತ್ತದೆ. ಬೇರು ಸ್ವಿಚ್ಚನ್ನು ಯೋಚಿಸಿ ನಿಗದಿ ಮಾಡಲಾಗಿದೆಯೇ? ಹೆಚ್ಚುವರಿ ಕೇಬಲ್‌ಗಳನ್ನು ಕಟ್ಟು ಮಾಡಿದ್ದಾರೆಯೇ, ಸುಮ್ಮನೆ ಮಲಗಿಸಿದ್ದಾರೆಯೇ? ಒಂದು ಕೇಬಲ್ ಕಿತ್ತು ನೋಡುವ ಪರೀಕ್ಷೆ ಕೊನೆಯ ಸಲ ನಡೆದಿದ್ದು ಯಾವ ದಿನ? ಕಳೆದ ವರ್ಷ ಎಷ್ಟು ಗಂಟೆ ಸೇವೆ ನಿಂತಿತ್ತು? ಇವನ್ನು ಕೇಳಿ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗಕ್ಕೆ ನೀರು ಯಾಕೆ ಬರಲಿಲ್ಲ ಎಂದು ಗೇಜ್ ಲೆಕ್ಕ ಹಿಡಿದು ಕೇಳುವುದು ಈ ಸೀಮೆಯ ರೈತರಿಗೆ ಗೊತ್ತು. 'ಮೇಲಿಂದಲೇ ಬಂದಿಲ್ಲ' ಎಂಬ ಉತ್ತರಕ್ಕೆ ಅವರು ಮನೆಗೆ ಹೋಗುವುದಿಲ್ಲ. 'ಸರ್ವರ್ ಡೌನ್' ಎಂಬ ಉತ್ತರಕ್ಕೂ ನಾವು ಹೋಗಬಾರದು.