ಕಾಯಿ ಸೀಮೆಯ ಹುಡುಗರು ಮತ್ತು ಗುಂಡಿ ಒತ್ತುವ ವಿದ್ಯೆ

ಕಿಬ್ಬನಹಳ್ಳಿ ಎಂದರೆ ಹೊರಗಿನವರಿಗೆ ಹೆಚ್ಚಾಗಿ ಒಂದು ಕ್ರಾಸು, ಅಷ್ಟೆ. ತುಮಕೂರು, ಗುಬ್ಬಿ ದಾಟಿ ತಿಪಟೂರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಂಡಕ್ಟರು 'ಕೆ.ಬಿ. ಕ್ರಾಸ್' ಎಂದು ಕೂಗುತ್ತಾನೆ. ಒಂದಷ್ಟು ಜನ ಇಳಿದು ಚಿಕ್ಕನಾಯಕನಹಳ್ಳಿಯ ಕಡೆಗೋ ತುರುವೇಕೆರೆಯ ಕಡೆಗೋ ಹೋಗುವ ಬಸ್ಸಿಗೆ ಕಾಯುತ್ತಾರೆ. ಸುತ್ತ ಕಣ್ಣು ಹಾಯಿಸಿದಷ್ಟೂ ತೆಂಗು. ಈ ಸೀಮೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕೊಬ್ಬರಿ ಮಾರುಕಟ್ಟೆ, ಕೆರೆ ಕಟ್ಟೆ, ಜಾತ್ರೆ, ಪಾಳೆಯಗಾರರು ಎಂದು ಬರೆಯುತ್ತಾರೆ. ಅದೆಲ್ಲ ಬೇಕಾದದ್ದೇ. ಆದರೆ ಇದೇ ಕ್ರಾಸಿನಲ್ಲಿ ಬಸ್ಸು ಹತ್ತಿ ಬೆಂಗಳೂರಿನ ಪೀಣ್ಯಕ್ಕೂ ಜಾಲಹಳ್ಳಿಗೂ ಹೋಗಿ ಯಂತ್ರದ ಮುಂದೆ ನಿಂತವರ ಸಂಖ್ಯೆಯೂ ಕಡಿಮೆಯದಲ್ಲ. ಅವರು ಏನು ಕಲಿತರು, ಯಾರು ಕಲಿಸಿದರು, ಕಲಿತದ್ದು ಎಲ್ಲಿಗೆ ಹೋಯಿತು ಎಂಬುದಕ್ಕೂ ಒಂದು ಚರಿತ್ರೆ ಇದೆ. ಅವರಲ್ಲಿ ನಾನೂ ಒಬ್ಬ.

ವಿದ್ಯೆ ಎಂಬುದು ನಮ್ಮಲ್ಲಿ ಶಾಲೆಯಿಂದಲೇ ಶುರುವಾಗಲಿಲ್ಲ. ತಿಪಟೂರಿನ ಉಂಡೆ ಕೊಬ್ಬರಿಯನ್ನೇ ತೆಗೆದುಕೊಳ್ಳಿ. ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಆಗ ಅಲುಗಾಡಿಸಿದರೆ ಒಳಗೆ ಗುಡುಗುಡು ಎನ್ನುತ್ತದೆ. ಆ ಸದ್ದು ಕೇಳಿ 'ಇದು ಆಗಿದೆ, ಇದು ಇನ್ನೂ ಆಗಬೇಕು' ಎಂದು ನಮ್ಮ ಹಿರಿಯರು ಬೇರ್ಪಡಿಸುತ್ತಿದ್ದರು. ಅವರಿಗೆ ಸರ್ಟಿಫಿಕೇಟು ಯಾರೂ ಕೊಟ್ಟಿರಲಿಲ್ಲ. ಕಿವಿಯೇ ಸರ್ಟಿಫಿಕೇಟು.

ಕಾರ್ಖಾನೆಯ ವಿದ್ಯೆಗೆ ಶಾಲೆ ಬೇಕು ಎಂಬುದನ್ನು ಹಳೆಯ ಮೈಸೂರಿನಲ್ಲಿ ಗಟ್ಟಿಯಾಗಿ ಹೇಳಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರು 1912ರಿಂದ 1918ರವರೆಗೆ ದಿವಾನರಾಗಿದ್ದರು. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು 1917ರಲ್ಲಿ ಶುರುವಾದದ್ದನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಇಂಜಿನಿಯರು ಬರೆದ ನಕ್ಷೆಯನ್ನು ಲೋಹದಲ್ಲಿ ಮಾಡಿ ತೋರಿಸುವವನೂ ಬೇಕಲ್ಲ? ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕಾಗಿ ತಮಗೆ ಬರಬೇಕಾಗಿದ್ದ ಹಣವನ್ನು ಅವರು ಕಸಬು ಕಲಿಸುವ ಒಂದು ಸಂಸ್ಥೆಗೆ ಬಿಟ್ಟುಕೊಟ್ಟರು. ಅದಕ್ಕೆ ತಮ್ಮ ಹೆಸರಿಡುವುದಕ್ಕೂ ಒಪ್ಪಲಿಲ್ಲ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು ಹೀಗೆ. ಈಗ ಅದು ಎಸ್.ಜೆ. ಪಾಲಿಟೆಕ್ನಿಕ್. ಕಸಬನ್ನು ಓದಿಗಿಂತ ಒಂದು ಮೆಟ್ಟಿಲು ಕೆಳಗೆ ಕೂರಿಸುವ ನಮ್ಮ ಸಮಾಜದಲ್ಲಿ ಇದು ಸಣ್ಣ ಸಂಗತಿಯಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1950ರಲ್ಲಿ ಕೇಂದ್ರ ಸರ್ಕಾರ ಕುಶಲಕರ್ಮಿಗಳ ತರಬೇತಿ ಯೋಜನೆಯನ್ನು ಆರಂಭಿಸಿತು. ನಾವು ಐಟಿಐ ಎಂದು ಕರೆಯುವ ಶಾಲೆಗಳೆಲ್ಲ ಆ ಯೋಜನೆಯ ಮಕ್ಕಳು. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನೊಂದಿಗೆ ಎಚ್‌ಎಂಟಿ ಹುಟ್ಟಿತು. ಯಂತ್ರಗಳನ್ನು ಮಾಡುವ ಯಂತ್ರ ಅಲ್ಲಿ ತಯಾರಾಗಬೇಕಿತ್ತು. ಆರಂಭದಲ್ಲಿ ತಯಾರಾದ ಲೇತಿಗೆ ಎಚ್22 ಎಂಬ ಹೆಸರು. ಲೇತು ತಯಾರಿಸುವುದಕ್ಕೆ ಮೊದಲು ಲೇತಿನವನನ್ನು ತಯಾರಿಸಬೇಕು ಎಂಬುದು ಆ ಕಾಲದ ಸಾರ್ವಜನಿಕ ಕಾರ್ಖಾನೆಗಳಿಗೆ ಗೊತ್ತಿತ್ತು. ಆದ್ದರಿಂದ ಕಾರ್ಖಾನೆಯ ಜೊತೆಗೇ ತರಬೇತಿ ಕೇಂದ್ರವೂ ಇರುತ್ತಿತ್ತು. 1961ರಲ್ಲಿ ಅಪ್ರೆಂಟಿಸ್ ಕಾಯಿದೆ ಬಂದ ಮೇಲೆ, ಹುಡುಗರನ್ನು ಸ್ಟೈಪೆಂಡ್ ಕೊಟ್ಟು ಕಲಿಸುವುದು ಕಾರ್ಖಾನೆಯ ಔದಾರ್ಯವಾಗಿ ಉಳಿಯದೆ ಕರ್ತವ್ಯವಾಯಿತು.

ನಾನು ತುಮಕೂರಿನ ಒಂದು ಐಟಿಐಗೆ ಟರ್ನರ್ ಕೆಲಸ ಕಲಿಯಲು ಸೇರಿದ್ದು 1979ರಲ್ಲಿ. ಮೊದಲ ತಿಂಗಳುಗಳಲ್ಲಿ ಲೇತನ್ನು ಮುಟ್ಟಲು ಬಿಡಲಿಲ್ಲ. ವೈಸಿಗೆ ಒಂದು ಕಬ್ಬಿಣದ ತುಂಡು ಕಚ್ಚಿಸಿ, ಅರ ಹಿಡಿದು ಉಜ್ಜುವುದೇ ಕೆಲಸ. ಉಜ್ಜಿ ಉಜ್ಜಿ ಮಟ್ಟಗೋಲು ಇಟ್ಟರೆ ಬೆಳಕು ತೂರಬಾರದು. ಮೇಷ್ಟ್ರು ಕಿಟಕಿಯ ಕಡೆಗೆ ಹಿಡಿದು ನೋಡಿ, ಮಾತಿಲ್ಲದೆ ವಾಪಸು ಕೊಡುವರು. ಅಂಗೈ ಬೊಬ್ಬೆ ಬಂದು ಒಡೆಯುತ್ತಿತ್ತು. ಇದೇನು ಶಿಕ್ಷೆಯೋ ಶಿಕ್ಷಣವೋ ಎಂದು ನಾವು ಗೊಣಗುತ್ತಿದ್ದೆವು. ಆದರೆ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗ ಎಂದರೆ ಎಷ್ಟು ಎಂಬುದು ಪುಸ್ತಕದಿಂದ ತಿಳಿಯುವಂಥದಲ್ಲ, ಬೆರಳಿನಿಂದ ತಿಳಿಯಬೇಕು. ಲೇತಿಗೆ ಬಂದ ಮೇಲೆ ಟೂಲನ್ನು ನಾವೇ ಸಾಣೆ ಹಿಡಿಯಬೇಕು, ಕೋನ ನಾವೇ ನೋಡಬೇಕು. ಸುರುಳಿ ಸುರುಳಿಯಾಗಿ ಬರುವ ಚೂರಿನ ಬಣ್ಣ ಕಂಡು, ಸದ್ದು ಕೇಳಿ ವೇಗ ಸರಿಯೋ ತಪ್ಪೋ ಹೇಳಬೇಕು. ಆಗ ನನಗೆ ಅಟ್ಟದ ಕೊಬ್ಬರಿ ನೆನಪಿಗೆ ಬರುತ್ತಿತ್ತು. ಎರಡೂ ಕಿವಿಯ ವಿದ್ಯೆಗಳೇ.

ನಾವು ಹೀಗೆ ಅರ ಹಿಡಿದು ಉಜ್ಜುತ್ತಿದ್ದ ಹೊತ್ತಿಗೆ ಹೊರಪ್ರಪಂಚದಲ್ಲಿ ಲೇತಿಗೆ ಬೇರೆಯೇ ಮಿದುಳು ಬಂದಿತ್ತು. ಯಂತ್ರಕ್ಕೆ ಬರಹದಲ್ಲಿ ಆಜ್ಞೆ ಕೊಡುವ ಉಪಾಯ ಹಳೆಯದು. ಫ್ರಾನ್ಸಿನ ಜಕಾರ್ಡ್ 1804ರ ವೇಳೆಗೇ ರಂಧ್ರ ಕೊರೆದ ರಟ್ಟಿನ ಹಾಳೆಗಳಿಂದ ಮಗ್ಗ ನಡೆಸಿದ್ದ. ನಮ್ಮ ನೇಕಾರರು ಇಂದಿಗೂ ಜಕಾರ್ಡ್ ಎಂದು ಹೇಳುವುದು ಅದನ್ನೇ. ಲೋಹ ಕತ್ತರಿಸುವ ಯಂತ್ರಕ್ಕೆ ಅದೇ ಉಪಾಯವನ್ನು ತಂದ ಮುಖ್ಯರಲ್ಲಿ ಅಮೆರಿಕದ ಜಾನ್ ಪಾರ್ಸನ್ಸ್ ಒಬ್ಬ. ಆತನ ಕಂಪನಿ ಹೆಲಿಕಾಪ್ಟರಿನ ರೆಕ್ಕೆ ಮಾಡುತ್ತಿತ್ತು. ಆ ರೆಕ್ಕೆಯ ಬಾಗನ್ನು ಕೈಯಿಂದ ಅಳೆದು ಕೊರೆಯುವುದು ಕಷ್ಟವಾದಾಗ, ಬಿಂದು ಬಿಂದುವಾಗಿ ಲೆಕ್ಕ ಹಾಕಿ ಅಂಕಿಗಳಿಂದಲೇ ಯಂತ್ರವನ್ನು ನಡೆಸಬಹುದಲ್ಲ ಎಂದು ಆತ ಯೋಚಿಸಿದ. ಎಂಐಟಿ ಎಂಬ ವಿದ್ಯಾಸಂಸ್ಥೆಯ ಪ್ರಯೋಗಾಲಯದಲ್ಲಿ 1952ರಲ್ಲಿ, ರಂಧ್ರ ಕೊರೆದ ಟೇಪು ಓದಿಕೊಂಡು ತಾನೇ ಕೆಲಸ ಮಾಡುವ ಮಿಲ್ಲಿಂಗ್ ಯಂತ್ರವನ್ನು ಜನರ ಮುಂದೆ ನಡೆಸಿ ತೋರಿಸಲಾಯಿತು. ಮುಂದೆ ಟೇಪಿನ ಜಾಗಕ್ಕೆ ಕಂಪ್ಯೂಟರ್ ಬಂದು ಅದೇ ಸಿಎನ್‌ಸಿ ಆಯಿತು.

ನಮ್ಮ ನಾಡಿಗೂ ಇದು ಬೆಂಗಳೂರಿನ ಮೂಲಕವೇ ಬಂತು. 1962ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಮೆಷಿನ್ ಟೂಲ್ ಸಂಸ್ಥೆ, ಜಾಲಹಳ್ಳಿಯ ಎಚ್‌ಎಂಟಿ, ಪೀಣ್ಯದ ಖಾಸಗಿ ಲೇತು ತಯಾರಕರು, ಇವರೆಲ್ಲ ಸೇರಿ ಬೆಂಗಳೂರನ್ನು ಈ ಯಂತ್ರಗಳ ತವರಾಗಿ ಮಾಡಿದರು. ಕಲಿಸುವ ಮನೆಗಳೂ ಹುಟ್ಟಿಕೊಂಡವು. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಜಿಟಿಟಿಸಿ ಎಂಬ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಬಂತು. ಕೇರಳದ ತಲಶ್ಶೇರಿಯ ನೆಟ್ಟೂರಿನಲ್ಲಿ 1959ರಲ್ಲಿ ಸ್ವಿಸ್ ನೆರವಿನಿಂದ ಹುಟ್ಟಿದ ಎನ್‌ಟಿಟಿಎಫ್ ಮುಂದೆ ಪೀಣ್ಯದಲ್ಲೂ ನೆಲೆಯೂರಿತು. ಆಡುಗೋಡಿಯ ಮೈಕೋ ಕಾರ್ಖಾನೆ ಜರ್ಮನಿಯ ಪದ್ಧತಿಯಲ್ಲಿ ತನ್ನದೇ ತರಬೇತಿ ಶಾಲೆ ನಡೆಸಿತು. ಈ ಶಾಲೆಗಳಲ್ಲೆಲ್ಲ ಒಂದು ಸಮಾನ ನಂಬಿಕೆ ಇತ್ತು: ಮೊದಲು ಕೈ, ಆಮೇಲೆ ಗುಂಡಿ.

ನಾನು ಪೀಣ್ಯದಲ್ಲಿ ಸಿಎನ್‌ಸಿ ಲೇತನ್ನು ಹತ್ತಿರದಿಂದ ಕಂಡದ್ದು 1988ರಲ್ಲಿ. ಗಾಜಿನ ಬಾಗಿಲು ಹಾಕಿಕೊಂಡು, ತಾನೇ ಟೂಲ್ ಬದಲಾಯಿಸಿಕೊಂಡು, ಹಾಲಿನಂಥ ಕೂಲೆಂಟ್ ಚಿಮ್ಮಿಸುತ್ತ ಅದು ಕೆಲಸ ಮಾಡುವುದನ್ನು ನೋಡಿ ಹಳೆಯ ಟರ್ನರುಗಳು 'ಇನ್ನು ನಮ್ಮ ಕಥೆ ಮುಗೀತು' ಎಂದರು. ಮುಗಿಯಲಿಲ್ಲ. ಯಾಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಯಂತ್ರದ ಭಾಷೆ ಸರಳ. ಜಿ 00 ಎಂದರೆ ಬೇಗ ಹೋಗು, ಜಿ 01 ಎಂದರೆ ನೇರವಾಗಿ ಕತ್ತರಿಸುತ್ತ ಹೋಗು, ಜಿ 02 ಎಂದರೆ ಕಮಾನಿನಂತೆ ಬಾಗಿ ಹೋಗು, ಎಂ 03 ಎಂದರೆ ತಿರುಗು, ಎಂ 05 ಎಂದರೆ ನಿಲ್ಲು. ಇಷ್ಟನ್ನು ಒಂದು ವಾರದಲ್ಲಿ ಬಾಯಿಪಾಠ ಮಾಡಬಹುದು. ಆದರೆ ಪ್ರೋಗ್ರಾಮಿನಲ್ಲಿ 30 ಮಿಲಿಮೀಟರ್ ವ್ಯಾಸ ಎಂದು ಬರೆದಿದ್ದರೂ, ನೂರಾರು ತುಂಡು ಕತ್ತರಿಸಿದ ಮೇಲೆ ಟೂಲಿನ ಮೊನೆ ಸವೆದು, ತುಂಡು 30.02 ಬರತೊಡಗುತ್ತದೆ. ಯಂತ್ರಕ್ಕೆ ಇದು ಗೊತ್ತಾಗುವುದಿಲ್ಲ, ತಾನು 30ನ್ನೇ ಕತ್ತರಿಸುತ್ತಿದ್ದೇನೆ ಎಂದೇ ಅದರ ನಂಬಿಕೆ. ಮೈಕ್ರೋಮೀಟರ್ ಹಿಡಿದು ಅಳೆದವನು, ಆಫ್‌ಸೆಟ್ ಎಂಬ ಪಟ್ಟಿಗೆ ಹೋಗಿ 0.02ನ್ನು ಕಳೆಯಬೇಕು. ಮೊನೆ ಸವೆದಿದೆಯೋ, ಚಕ್ಕಿನ ಹಿಡಿತ ಸಡಿಲವೋ, ತುಂಡು ಬಿಸಿಯಾಗಿ ಹಿಗ್ಗಿದೆಯೋ ಎಂದು ಮೊದಲು ತೀರ್ಮಾನಿಸಬೇಕು. ಆ ತೀರ್ಮಾನ ಎಲ್ಲಿಂದ ಬರುತ್ತದೆ? ಅರದಿಂದ ಒಡೆದ ಅಂಗೈಯಿಂದ ಬರುತ್ತದೆ. ಅಂಥ ಕೈ ಇದ್ದ ಹಳಬರು ಹೊಸ ಯಂತ್ರಕ್ಕೆ ಹೊಂದಿಕೊಂಡರು. ಕೆಲವರು ಸೆಟ್ಟರುಗಳಾದರು, ಕೆಲವರು ನನ್ನ ಹಾಗೆ ಹೊಸಬರಿಗೆ ಕಲಿಸುವವರಾದರು.

ಕಷ್ಟ ಶುರುವಾದದ್ದು ಆಮೇಲೆ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ಕೆಲವೇ ವರ್ಷಗಳಲ್ಲಿ ನಮ್ಮ ತೋಟಗಳಿಗೂ ಬಂತು. ಕಾಯಿ ಸಣ್ಣದಾಯಿತು, ಸಿಪ್ಪೆ ಕಂದಿತು. ಮಳೆಯೂ ಕೈಕೊಟ್ಟಿತು, ಬೋರುಗಳು ಬತ್ತಿದವು. ತೋಟವನ್ನೇ ನಂಬಿದ್ದ ಮನೆಗಳ ಹುಡುಗರು ಬಸ್ಸು ಹತ್ತತೊಡಗಿದರು. ಅದೇ ಹೊತ್ತಿಗೆ ಕಾರ್ಖಾನೆಗಳಿಗೂ ಜನ ಬೇಕಿತ್ತು, ಆದರೆ ಬೇಗ ಬೇಕಿತ್ತು. ಎರಡು ವರ್ಷದ ಕಲಿಕೆಯ ಜಾಗಕ್ಕೆ ಕೆಲವು ವಾರಗಳ ಕಲಿಕೆ ಬಂತು. ಅದಕ್ಕೆ 'ಆಪರೇಟರ್ ತರಬೇತಿ' ಎಂದು ಹೆಸರು.

ನನ್ನ ಅಣ್ಣನ ಮಗ ಹೀಗೆ ಸೇರಿದವನು. ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಒಮ್ಮೆ ಹಬ್ಬಕ್ಕೆ ಬಂದಾಗ ಏನು ಕಲಿತೆಯಪ್ಪಾ ಎಂದು ಕೇಳಿದೆ.

"ಪೀಸ್ ಹಾಕೋದು, ಬಾಗಿಲು ಮುಚ್ಚೋದು, ಹಸಿರು ಗುಂಡಿ ಒತ್ತೋದು, ಪೀಸ್ ತೆಗೆಯೋದು. ಅಷ್ಟೇ ಚಿಕ್ಕಪ್ಪ."

"ಆಫ್‌ಸೆಟ್ ಹಾಕಲ್ವಾ?"

"ಮುಟ್ಟಂಗಿಲ್ಲ ಚಿಕ್ಕಪ್ಪ. ಅದಕ್ಕೆ ಬೀಗ ಹಾಕವ್ರೆ. ಅಳತೆ ಹೆಚ್ಚುಕಡಿಮೆ ಆದ್ರೆ ಸೆಟ್ಟರ್ ಅಣ್ಣನ್ನ ಕೂಗ್ಬೇಕು."

ಮೂರು ವರ್ಷ ಆತ ಆ ಯಂತ್ರದ ಮುಂದೆ ನಿಂತಿದ್ದ. ಮೂರು ವರ್ಷವೂ ಕಾಗದದಲ್ಲಿ ಆತ 'ಟ್ರೈನಿ'ಯೇ. ಆಮೇಲೆ ಆ ಲೇತಿನ ಬಾಗಿಲಿಗೆ ಒಂದು ರೋಬೋಟಿನ ಕೈ ಬಂತು. ಪೀಸ್ ಹಾಕುವುದು, ತೆಗೆಯುವುದು ಅದರ ಪಾಲಾಯಿತು. ಸೆಟ್ಟರ್ ಉಳಿದ, ಇವನು ಊರಿಗೆ ಬಂದ. ಯಂತ್ರ ಕಿತ್ತುಕೊಂಡದ್ದು ಇವನ ವಿದ್ಯೆಯನ್ನಲ್ಲ, ಯಾಕೆಂದರೆ ವಿದ್ಯೆಯನ್ನು ಇವನಿಗೆ ಯಾರೂ ಕೊಟ್ಟೇ ಇರಲಿಲ್ಲ. ಯಂತ್ರದ ಒಂದು ಭಾಗ ಇನ್ನೂ ತಯಾರಾಗಿರಲಿಲ್ಲ, ಅದು ಬರುವತನಕ ಅಲ್ಲಿ ಇವನನ್ನು ನಿಲ್ಲಿಸಿದ್ದರು ಎಂದು ನನಗೆ ಅನ್ನಿಸಿದೆ. ಈ ಮಾತು ಕಟುವಾಯಿತು ಎನ್ನುವವರು ಇರಬಹುದು. ನಾನು ಕಲಿಸಿದ ಹುಡುಗರ ಪೈಕಿ ಯಾರು ಉಳಿದರು, ಯಾರು ಹೊರಬಿದ್ದರು ಎಂಬುದನ್ನು ನೋಡಿಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಇದರ ಎದುರಿಗೆ ಇನ್ನೊಂದು ಉದಾಹರಣೆ ಇಡಬೇಕು. ತುಮಕೂರಿನಲ್ಲಿ ಎಚ್‌ಎಂಟಿಯ ಕೈಗಡಿಯಾರದ ಕಾರ್ಖಾನೆ ಇತ್ತು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಮದುವೆಯ ಗಂಡಿಗೆ ಕಟ್ಟಿದ್ದು ಎಚ್‌ಎಂಟಿ ವಾಚು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಕಾರ್ಖಾನೆ ಹೋಯಿತು, ಸಂಬಳ ಹೋಯಿತು, ಆ ನೋವು ಸಣ್ಣದಲ್ಲ. ಆದರೆ ಎಚ್‌ಎಂಟಿಯಂಥ ಕಡೆ ಪೂರ್ತಿ ಕಲಿತವರು ಅಲ್ಲಿಂದ ಬರಿಗೈಯಲ್ಲಿ ಹೊರಬರಲಿಲ್ಲ. ಬಹಳ ಮೊದಲಿನಿಂದಲೂ ಅಲ್ಲಿಂದ ಹೊರಬಂದ ಎಷ್ಟೋ ಜನ ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ ಒಂದು ಲೇತು, ಎರಡು ಲೇತು ಇಟ್ಟುಕೊಂಡು ಬದುಕು ಕಟ್ಟಿಕೊಂಡರು, ತಮ್ಮ ಊರಿನ ಹುಡುಗರಿಗೆ ಕಲಿಸಿದರು. ಕಾರ್ಖಾನೆಗೆ ಬೀಗ ಹಾಕಬಹುದು, ಕೈಗೆ ಇಳಿದ ವಿದ್ಯೆಗೆ ಹಾಕಲಾಗುವುದಿಲ್ಲ.

ಈಗ ಮತ್ತೆ ಕಾಲ ತಿರುಗಿದೆ. ಟಾಟಾ ಟೆಕ್ನಾಲಜೀಸ್ ಮತ್ತಿತರ ಕಂಪನಿಗಳ ಜೊತೆಗೂಡಿ ಕರ್ನಾಟಕ ಸರ್ಕಾರ 150 ಸರ್ಕಾರಿ ಐಟಿಐಗಳನ್ನು ಹೊಸ ಯಂತ್ರಗಳೊಂದಿಗೆ ಸಜ್ಜುಗೊಳಿಸಿ, 2022ರ ಜೂನ್‌ನಲ್ಲಿ ಅವು ಉದ್ಘಾಟನೆಯಾದವು. ವೆಚ್ಚ 4,700 ಕೋಟಿ ರೂಪಾಯಿಗೂ ಮೇಲೆ. ನಮ್ಮ ಪಕ್ಕದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆ ಜಾಗದಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಗೆ 2016ರಲ್ಲಿ ಅಡಿಗಲ್ಲು ಬಿದ್ದು, 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಹೆಲಿಕಾಪ್ಟರಿನ ರೆಕ್ಕೆಯ ಬಾಗನ್ನು ಕೊರೆಯುವ ತೊಡಕಿನಿಂದಲೇ ಅಂಕಿಯಿಂದ ನಡೆಯುವ ಯಂತ್ರದ ಕಲ್ಪನೆ ಹುಟ್ಟಿತೆಂದು ಮೇಲೆ ಹೇಳಿದೆನಷ್ಟೆ. ಎಪ್ಪತ್ತು ವರ್ಷ ಕಳೆದು ಆ ಹೆಲಿಕಾಪ್ಟರೇ ನಮ್ಮ ಹೆದ್ದಾರಿಯ ಬದಿಗೆ ಬಂದಿದೆ.

ಹೊಸ ಐಟಿಐಗಳನ್ನು ಕಂಡು ನನಗೆ ಸಂತೋಷವೇ ಆಗಿದೆ. ನಾವು ಚಿತ್ರದಲ್ಲಿ ನೋಡಿದ ಯಂತ್ರವನ್ನು ಹಳ್ಳಿಯ ಹುಡುಗ, ಹುಡುಗಿ ಹದಿನೇಳನೆಯ ವಯಸ್ಸಿಗೇ ಮುಟ್ಟುತ್ತಾರೆ ಎಂಬುದು ಕಡಿಮೆಯ ಮಾತಲ್ಲ. ಆದರೆ ಮಕ್ಕಳನ್ನು ಸೇರಿಸಲು ಹೋಗುವ ತಂದೆತಾಯಿಗಳಿಗೆ ನಾನು ಹೇಳುವುದು ಇಷ್ಟು. ಯಂತ್ರ ಎಷ್ಟು ಹೊಸದು ಎಂದು ಕೇಳಬೇಡಿ. ಡ್ರಾಯಿಂಗ್ ಓದಲು ಕಲಿಸುತ್ತಾರೆಯೇ, ಮೈಕ್ರೋಮೀಟರನ್ನು ಪ್ರತಿ ಹುಡುಗನ ಕೈಗೂ ಕೊಡುತ್ತಾರೆಯೇ, ಪ್ರೋಗ್ರಾಂ ಬರೆದು ಕೆಡಿಸಿ ಮತ್ತೆ ಬರೆಯಲು ಬಿಡುತ್ತಾರೆಯೇ, ಆಫ್‌ಸೆಟ್ಟಿನ ಬೀಗ ತೆಗೆಯುತ್ತಾರೆಯೇ ಎಂದು ಕೇಳಿ. ಕೆಡಿಸಲು ಬಿಡದ ಕಡೆ ಕಲಿಕೆ ಇಲ್ಲ. ಒಂದು ತುಂಡು ಉಕ್ಕು ಕೆಟ್ಟರೆ ಅದನ್ನು ಗುಜರಿಗೆ ಹಾಕಬಹುದು. ಕಲಿಯದೆ ಮೂರು ವರ್ಷ ಕಳೆದ ಹುಡುಗನನ್ನು ಎಲ್ಲಿಗೆ ಹಾಕುವುದು?

ಅಣ್ಣನ ಮಗ ಈಗ ಮತ್ತೆ ಓದುತ್ತಿದ್ದಾನೆ. ಇಪ್ಪತ್ತೇಳನೆಯ ವಯಸ್ಸಿನಲ್ಲಿ, ತನಗಿಂತ ಹತ್ತು ವರ್ಷ ಚಿಕ್ಕವರ ಜೊತೆ ಬೆಂಚಿನಲ್ಲಿ ಕೂರಲು ಮೊದಲು ನಾಚಿಕೆ ಎಂದ. ಹೋದ ತಿಂಗಳು ಬಂದವನು ಚೀಲದಿಂದ ಒಂದು ಉಕ್ಕಿನ ತುಂಡು ತೆಗೆದು ನನ್ನ ಕೈಗಿಟ್ಟ. ಅರದಿಂದ ಉಜ್ಜಿದ್ದು. ನಾನು ಅದನ್ನು ಬೆಳಕಿಗೆ ಹಿಡಿದು ಮಟ್ಟಗೋಲು ಇಟ್ಟು ನೋಡಿದೆ. ಒಂದು ಮೂಲೆಯಲ್ಲಿ ಮಾತ್ರ ಕೂದಲೆಳೆಯಷ್ಟು ಬೆಳಕು ತೂರುತ್ತಿತ್ತು. "ಆ ಮೂಲೆ ಇನ್ನೂ ಸ್ವಲ್ಪ ಉಜ್ಜಬೇಕು ಕಣಪ್ಪ" ಎಂದೆ. "ಗೊತ್ತು ಚಿಕ್ಕಪ್ಪ, ನಾನೂ ನೋಡ್ದೆ" ಎಂದ. ನೋಡಿದ್ದಾನೆ ಎನ್ನುವುದೇ ನನಗೆ ಸಾಕಾಯಿತು.