ಸಾರಂಗನ ಮೇಲಿನ ಮೆಟ್ಟಿಲು

ಮೊದಲ ಮಹಾಯುದ್ಧ ಶುರುವಾದ 1914ರ ಹೊತ್ತಿಗೆ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ದುಡಿಯುತ್ತಿದ್ದ ಲಸ್ಕರರ, ಎಂದರೆ ಭಾರತದ ಕಡೆಯ ನಾವಿಕರ, ಸಂಖ್ಯೆ 50,000 ದಾಟಿತ್ತು. ಅವರಲ್ಲಿ ಸಾವಿರಾರು ಮಂದಿ ಎಂಜಿನ್ ಕೋಣೆಯ ಆಳುಗಳು. ಬಾಯ್ಲರಿಗೆ ಇದ್ದಲು ಎಸೆಯುವವನು ಆಗ್‌ವಾಲಾ, ಇದ್ದಲನ್ನು ಹೊತ್ತು ತರುವವನು ಕೋಯ್ಲಾವಾಲಾ, ಯಂತ್ರಕ್ಕೆ ಎಣ್ಣೆ ಉಣಿಸುವವನು ತೇಲ್‌ವಾಲಾ. ಅವರ ಮೇಲೆ ಟಿಂಡಾಲ, ಟಿಂಡಾಲನ ಮೇಲೆ ಸಾರಂಗ. ಸಾರಂಗನಿಂದ ಮೇಲಕ್ಕೆ ಭಾರತೀಯನಿಗೆ ಮೆಟ್ಟಿಲಿರಲಿಲ್ಲ. ಎಂಜಿನಿಯರನ ಹುದ್ದೆ ಹೆಚ್ಚುಕಡಿಮೆ ಯುರೋಪಿಯನ್ನರಿಗೇ ಮೀಸಲು. ಇದಕ್ಕೆ ನಮ್ಮವರ ಕೈಯ ಕಸುಬಿನ ಕೊರತೆ ಕಾರಣವಲ್ಲ. ತಡೆದು ನಿಲ್ಲಿಸಿದವು ಎರಡು ಬಾಗಿಲುಗಳು: ಕಲಿಯಲು ವರ್ಕ್‌ಶಾಪಿನಲ್ಲೊಂದು ಜಾಗ, ಕಲಿತ ಮೇಲೆ ಹಡಗಿನಲ್ಲೊಂದು ಜಾಗ. ಮರೈನ್ ಎಂಜಿನಿಯರಿಂಗ್ ಶಿಕ್ಷಣದ ಭಾರತೀಯ ಚರಿತ್ರೆಯೆಂದರೆ ಈ ಎರಡು ಬಾಗಿಲುಗಳನ್ನು ತೆರೆಸಿದ ಚರಿತ್ರೆಯೇ.

ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂಬ ಭಯವೇ ನಮ್ಮನ್ನು ಹಿಂದಿಟ್ಟಿತು ಎನ್ನುವವರಿದ್ದಾರೆ. ಮೇಲ್ಜಾತಿಯ ಓದಿದ ಮನೆಗಳ ಮಟ್ಟಿಗೆ ಆ ಮಾತಿನಲ್ಲಿ ನಿಜವಿದೆ. ಆದರೆ ಸಿಲ್ಹೆಟ್ಟಿನಿಂದ, ಪಂಜಾಬಿನಿಂದ ಬಂದು ವರ್ಷಗಟ್ಟಲೆ ಬೆಂಕಿಯ ಮುಂದೆ ನಿಂತವರಿಗೆ ಆ ಭಯ ಅಡ್ಡ ಬರಲಿಲ್ಲ. ಅವರಿಗೆ ಓದುಬರಹ ಇರಲಿಲ್ಲವಲ್ಲ ಎಂಬುದು ಇನ್ನೊಂದು ಆಕ್ಷೇಪ. ಬ್ರಿಟನ್ 1862ರ ಕಾನೂನಿನ ಮೂಲಕ ಹಡಗಿನ ಎಂಜಿನಿಯರರಿಗೆ ಪರೀಕ್ಷೆ, ಪ್ರಮಾಣಪತ್ರಗಳನ್ನು ತಂದಾಗ ಅಲ್ಲಿನ ಹುಡುಗರೂ ವಿಶ್ವವಿದ್ಯಾಲಯಗಳಿಂದ ಬರಲಿಲ್ಲ. ಕಾರ್ಖಾನೆಗಳಲ್ಲಿ ಅಪ್ರೆಂಟಿಸರಾಗಿ ಫೈಲು ಉಜ್ಜಿ, ಲೇತ್ ತಿರುಗಿಸಿ, ಪರೀಕ್ಷೆಗೆ ಬೇಕಾದಷ್ಟು ಲೆಕ್ಕ ಕಲಿತು ಬಂದರು. ಅಂಥ ಅವಕಾಶ ಸಿಕ್ಕರೆ ಭಾರತೀಯನೊಬ್ಬ ಎಲ್ಲಿಗೆ ಮುಟ್ಟಬಲ್ಲನೆಂಬುದಕ್ಕೆ ಮುಂಬಯಿಯ ಅರ್ದಶೀರ್ ಕರ್ಸೆಟ್‌ಜೀ ವಾಡಿಯಾ ಸಾಕ್ಷಿ. ಹಡಗು ಕಟ್ಟುವ ಪಾರ್ಸಿ ಮನೆತನದಲ್ಲಿ ಹುಟ್ಟಿ ಉಗಿಯಂತ್ರದ ವಿದ್ಯೆಯನ್ನು ಒಲಿಸಿಕೊಂಡ ಇವರು 1841ರಲ್ಲಿ ಮುಂಬಯಿಯ ಸರ್ಕಾರಿ ಸ್ಟೀಮ್ ಫ್ಯಾಕ್ಟರಿಯ ಮುಖ್ಯ ಎಂಜಿನಿಯರರಾದರು. ಯುರೋಪಿಯನ್ನರೇ ಇವರ ಕೈಕೆಳಗೆ ದುಡಿದರು. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿ ಇವರನ್ನು ಫೆಲೋ ಆಗಿ ಆರಿಸಿತು. ಆ ಗೌರವ ಪಡೆದ ಮೊದಲ ಭಾರತೀಯ ಇವರೇ. ವಾಡಿಯಾರಿಗೆ ಮನೆಯೇ ಹಡಗುಕಟ್ಟೆಯಾಗಿತ್ತು, ಹಡಗುಕಟ್ಟೆಯೇ ಶಾಲೆಯಾಗಿತ್ತು. ಉಳಿದವರಿಗೆ ಅಂಥದ್ದನ್ನು ಕಟ್ಟಿಕೊಡುವವರಿರಲಿಲ್ಲ.

ಭಾರತೀಯರ ಹಡಗುಗಳೇ ಇಲ್ಲದಾಗ ಎಂಜಿನಿಯರರನ್ನು ತಯಾರಿಸಿ ಮಾಡುವುದೇನು ಎಂಬ ವಾದ ಇವಕ್ಕಿಂತ ಗಟ್ಟಿಯಾದದ್ದು. 1919ರ ಏಪ್ರಿಲ್ 5ರಂದು ಭಾರತೀಯರದೇ ಆದ ಸಿಂಧಿಯಾ ಕಂಪನಿಯ ‘ಲಾಯಲ್ಟಿ’ ಹಡಗು ಮುಂಬಯಿಯಿಂದ ಇಂಗ್ಲೆಂಡಿಗೆ ಹೊರಟಾಗ ಈ ವಾದದ ಬುಡ ಅಲುಗಾಡಿತು. 1922ರಲ್ಲಿ ಪಿ. ಎಸ್. ಶಿವಸ್ವಾಮಿ ಅಯ್ಯರ್ ಕೇಂದ್ರ ಶಾಸನಸಭೆಯಲ್ಲಿ ಭಾರತೀಯ ವ್ಯಾಪಾರಿ ನೌಕಾಪಡೆಯ ಪ್ರಶ್ನೆ ಎತ್ತಿದರು. ಅದರಿಂದ ಹುಟ್ಟಿದ, ಹೆಡ್ಲಮ್ ಅಧ್ಯಕ್ಷತೆಯ ಸಮಿತಿ ತರಬೇತಿ ಹಡಗೊಂದು ಬೇಕೆಂದಿತು. 1927ರಲ್ಲಿ ಮುಂಬಯಿಯಲ್ಲಿ ಲಂಗರು ಹಾಕಿ ನಿಂತ ‘ಡಫರಿನ್’ ಮೊದಲು ಕಲಿಸಿದ್ದು ಡೆಕ್ ಕೆಡೆಟ್‌ಗಳಿಗೆ ಮಾತ್ರ. ಎಂಜಿನಿಯರ್ ಕೆಡೆಟ್‌ಗಳು ಆ ಹಡಗು ಹತ್ತಲು 1935ರವರೆಗೆ ಕಾಯಬೇಕಾಯಿತು. ಈ ಎಂಟು ವರ್ಷಗಳ ವಿಳಂಬವನ್ನು ನಾನು ಸಣ್ಣದೆಂದು ಎಣಿಸಲಾರೆ: ಹಡಗು ನಡೆಸುವುದಕ್ಕೆ ಶಾಲೆ ಬೇಕೆಂದು ಒಪ್ಪಿದ ಮೇಲೂ ಅದರ ಯಂತ್ರಕ್ಕೆ ಶಾಲೆ ಬೇಕೆಂದು ಒಪ್ಪಲು ಅಷ್ಟು ಕಾಲ ಹಿಡಿಯಿತು.

ನಿಜವಾದ ತಿರುವು 1949ರದು. ಆ ವರ್ಷ ಕಲ್ಕತ್ತಾ ಮತ್ತು ಮುಂಬಯಿಗಳಲ್ಲಿ ಮರೈನ್ ಎಂಜಿನಿಯರಿಂಗ್ ತರಬೇತಿ ನಿರ್ದೇಶನಾಲಯ, ಹಡಗಿನವರ ಬಾಯಲ್ಲಿ ‘ಡಿಎಂಇಟಿ’, ಶುರುವಾಯಿತು. ಅದರ ಹಿರಿಮೆ ಇರುವುದು ಕಟ್ಟಡದಲ್ಲಲ್ಲ, ಪಾಠದ ಕ್ರಮದಲ್ಲಿ. ಕೆಡೆಟ್‌ಗಳು ಹಡಗು ದುರಸ್ತಿಯ ವರ್ಕ್‌ಶಾಪುಗಳಲ್ಲಿ ಮೈಕೈಗೆ ಗ್ರೀಸು ಬಳಿದುಕೊಂಡು ದುಡಿಯುತ್ತಲೇ ಥರ್ಮೋಡೈನಮಿಕ್ಸ್ ಓದಿದರು. ಸಾರಂಗನಿಗೆ ಕೈ ತಿಳಿದಿತ್ತು, ಪುಸ್ತಕ ದಕ್ಕಿರಲಿಲ್ಲ. ಇಲ್ಲಿ ಎರಡೂ ಒಬ್ಬನಲ್ಲೇ ಕೂಡಿದವು. ನಡುಸಮುದ್ರದಲ್ಲಿ ಪಂಪು ಕೆಟ್ಟರೆ ಕರೆಸಲು ಮೆಕ್ಯಾನಿಕ್ ಇರುವುದಿಲ್ಲವಾದ್ದರಿಂದ ಈ ಕೂಡಿಕೆ ಅಲಂಕಾರದ್ದಲ್ಲ, ಕಸುಬಿನ ಜೀವ. ಆದರೂ ಆ ಬಾಗಿಲು ಬಹುಕಾಲ ಹುಡುಗರಿಗಷ್ಟೇ ತೆರೆದಿತ್ತು. ಸೋನಾಲಿ ಬ್ಯಾನರ್ಜಿ 1999ರಲ್ಲಿ ಕಲ್ಕತ್ತಾದ ಇದೇ ಸಂಸ್ಥೆಯಿಂದ ಹೊರಬಂದು ದೇಶದ ಮೊದಲ ಮಹಿಳಾ ಮರೈನ್ ಎಂಜಿನಿಯರ್ ಎನಿಸಿದರು. ಅರ್ಧ ಶತಮಾನ ತಡವಾಗಿ ಬಂದ ನ್ಯಾಯ ಅದು.

ಈಗ ಕಲಿಯುವ ಬಾಗಿಲು ವಿಶಾಲವಾಗಿದೆ. ನಾಲ್ಕು ವರ್ಷದ ಮರೈನ್ ಪದವಿಯಿದೆ. ನಮ್ಮ ಮಂಗಳೂರು, ಹುಬ್ಬಳ್ಳಿ, ದಾವಣಗೆರೆಗಳ ಮೆಕ್ಯಾನಿಕಲ್ ಪದವೀಧರರಿಗೂ ಮುಂದೆ ಒಂದು ವರ್ಷದ ತರಬೇತಿಯ ದಾರಿಯಿದೆ. ಎರಡನೆಯ ಬಾಗಿಲು ಮಾತ್ರ ಇಂದಿಗೂ ಇಕ್ಕಟ್ಟು. ಪದವಿ ಕೈಗೆ ಬಂದ ಮಾತ್ರಕ್ಕೆ ಯಾರೂ ಹಡಗಿನ ಎಂಜಿನಿಯರ್ ಆಗುವುದಿಲ್ಲ. ಸಮುದ್ರದಲ್ಲಿ ತಿಂಗಳುಗಟ್ಟಲೆ ಕಿರಿಯನಾಗಿ ದುಡಿದು, ನಾಲ್ಕನೆಯ ದರ್ಜೆಯ ಪರೀಕ್ಷೆ ಪಾಸಾಗಬೇಕು. ಹಡಗಿನಲ್ಲಿ ಜಾಗ ಸಿಗದಿದ್ದರೆ ಪರೀಕ್ಷೆಗೆ ಕೂರುವ ಅರ್ಹತೆಯೂ ಇಲ್ಲ. ಮಕ್ಕಳನ್ನು ಈ ಕಸುಬಿಗೆ ಕಳಿಸುವ ತಂದೆತಾಯಿಗಳು ಕಾಲೇಜಿನ ಶುಲ್ಕ ಕಟ್ಟುವ ಮೊದಲು ಎರಡು ಸಂಗತಿ ಕೇಳಿ ತಿಳಿಯಬೇಕು: ಈ ಕೋರ್ಸಿಗೆ ನೌಕಾಯಾನ ಮಹಾನಿರ್ದೇಶನಾಲಯದ ಮಾನ್ಯತೆ ಇದೆಯೇ, ಮುಗಿಸಿದ ಮೇಲೆ ಯಾವ ಕಂಪನಿ ತನ್ನ ಹಡಗಿಗೆ ಹತ್ತಿಸಿಕೊಳ್ಳುತ್ತದೆ. ಉತ್ತರ ಬಾಯಿಮಾತಿನಲ್ಲಿ ಬೇಡ, ಬರಹದಲ್ಲಿ ಬೇಕೆಂದು ಕೇಳಿ.