ದತ್ತಿಯನ್ನು ಕಾಯುವವರು

ಊರಿನ ಶಾಲೆಯ ಗೋಡೆಯ ಮೇಲೋ ಛತ್ರದ ಬಾಗಿಲ ಬಳಿಯೋ ‘ಇಂಥವರ ಜ್ಞಾಪಕಾರ್ಥ’ ಎಂದು ಕೆತ್ತಿದ ಕಲ್ಲನ್ನು ನೀವು ನೋಡಿರುತ್ತೀರಿ. ಅದರಲ್ಲಿ ದಾನಿಯ ಹೆಸರಿರುತ್ತದೆ. ದಾನಿ ಕಾಲವಾದ ಮೇಲೆ ಆ ದತ್ತಿಯನ್ನು ನಡೆಸಿಕೊಂಡು ಬಂದವರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಅವರನ್ನು ನಾವು ಧರ್ಮದರ್ಶಿ ಎನ್ನುತ್ತೇವೆ, ಟ್ರಸ್ಟಿ ಎಂದೂ ಕರೆಯುತ್ತೇವೆ. ಹಣ ಕೊಡುವುದಕ್ಕೆ ಒಂದು ದಿನ ಸಾಕು. ಅದನ್ನು ಕಾಯುವವರನ್ನು ಆರಿಸಿ ತಯಾರು ಮಾಡುವುದಕ್ಕೆ ಒಂದು ತಲೆಮಾರೇ ಬೇಕಾಗುತ್ತದೆ. ಈ ಮಾತಿಗೆ ಅಮೆರಿಕದ ರಾಕ್‌ಫೆಲ್ಲರ್ ಮನೆತನದ ಚರಿತ್ರೆ ಒಳ್ಳೆಯ ನಿದರ್ಶನ.

ಜಾನ್ ಡಿ. ರಾಕ್‌ಫೆಲ್ಲರ್ ಎಣ್ಣೆಯ ಉದ್ಯಮದಿಂದ ಅಪಾರ ಸಂಪತ್ತು ಗಳಿಸಿದವರು. ಸಹಾಯ ಬೇಡುವವರ ಕಾಟ ಹೆಚ್ಚಾದಾಗ, 1891ರಲ್ಲಿ ಫ್ರೆಡರಿಕ್ ಗೇಟ್ಸ್ ಎಂಬ ಪಾದ್ರಿಯನ್ನು ಸಲಹೆಗಾರರನ್ನಾಗಿ ಕರೆತಂದರು. 1897ರಲ್ಲಿ ಕಾಲೇಜು ಮುಗಿಸಿ ತಂದೆಯ ಕಚೇರಿ ಸೇರಿದ ಮಗ, ಕಿರಿಯ ರಾಕ್‌ಫೆಲ್ಲರ್, ದಾನದ ವ್ಯವಹಾರವನ್ನು ಕಲಿತದ್ದು ಈ ಗೇಟ್ಸ್ ಅವರ ಜೊತೆಯಲ್ಲಿ. 1913ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನ ಸ್ಥಾಪನೆಯಾದಾಗ ಮಗನೇ ಅದರ ಮೊದಲ ಅಧ್ಯಕ್ಷರಾದರು. ತಂದೆ ಹೆಸರಿಗೆ ಮಾತ್ರ ಧರ್ಮದರ್ಶಿ. ಒಂದು ಸಭೆಗೂ ಹೋದವರಲ್ಲ. ಮಂಡಳಿಯಲ್ಲಿ ಕುಳಿತ ಉಳಿದವರು ಬಹುಪಾಲು ಆ ಮನೆಯ ಕಚೇರಿಯವರು, ಇಲ್ಲವೇ ಆ ಮನೆಯ ಹಣದಿಂದ ಬೆಳೆದ ಸಂಸ್ಥೆಗಳವರು.

ಇಂಥ ಮಂಡಳಿಗೆ ಮರುವರ್ಷವೇ ಪರೀಕ್ಷೆ ಎದುರಾಯಿತು. ಕೊಲರಾಡೊ ರಾಜ್ಯದಲ್ಲಿ ಈ ಕುಟುಂಬ ದೊಡ್ಡ ಪಾಲು ಹೊಂದಿದ್ದ ಕಂಪನಿಯ ಕಲ್ಲಿದ್ದಲು ಗಣಿಗಳಲ್ಲಿ ಮುಷ್ಕರ ನಡೆದಿತ್ತು. 1914ರ ಏಪ್ರಿಲ್ 20ರಂದು ಲಡ್ಲೊ ಎಂಬಲ್ಲಿ ಮುಷ್ಕರ ಹೂಡಿದವರ ಗುಡಾರಗಳ ಮೇಲೆ ರಾಜ್ಯದ ಪಡೆಗಳು ಗುಂಡು ಹಾರಿಸಿದವು. ಗುಡಾರಗಳು ಹೊತ್ತಿ ಉರಿದವು. ಸತ್ತವರಲ್ಲಿ 11 ಮಂದಿ ಮಕ್ಕಳು. ಕಿರಿಯ ರಾಕ್‌ಫೆಲ್ಲರ್ ಆ ಕಂಪನಿಯ ನಿರ್ದೇಶಕರೂ ಹೌದು, ಪ್ರತಿಷ್ಠಾನದ ಅಧ್ಯಕ್ಷರೂ ಹೌದು. ಅದೇ ವರ್ಷ ಕಾರ್ಮಿಕ ಸಂಬಂಧಗಳ ಅಧ್ಯಯನಕ್ಕೆಂದು ಪ್ರತಿಷ್ಠಾನವು ಮೆಕೆಂಜಿ ಕಿಂಗ್ ಅವರನ್ನು ನೇಮಿಸಿತು. ಮುಂದೆ ಕೆನಡಾದ ಪ್ರಧಾನಿಯಾದವರು ಇವರೇ. ಧರ್ಮದ ಹಣ ಕಂಪನಿಯ ಕೆಲಸಕ್ಕೆ ಹರಿಯುತ್ತಿದೆ ಎಂದು ಜನ ಸಂಶಯಪಟ್ಟರು. ಸರ್ಕಾರದ ಆಯೋಗ ಕಿರಿಯ ರಾಕ್‌ಫೆಲ್ಲರ್ ಅವರನ್ನು ಕರೆಸಿ ವಿಚಾರಿಸಿತು.

ಈ ಪೆಟ್ಟಿನಿಂದ ಅವರು ಕಲಿತರು. 1915ರಲ್ಲಿ ತಾವೇ ಕೊಲರಾಡೊಗೆ ಹೋಗಿ ಗಣಿಗಳನ್ನು ನೋಡಿದರು, ಕಾರ್ಮಿಕರನ್ನು ಕಂಡು ಮಾತನಾಡಿದರು. 1917ರಲ್ಲಿ ಪ್ರತಿಷ್ಠಾನದ ಆಡಳಿತ ಹೊರಗಿನವರಾದ ಜಾರ್ಜ್ ವಿನ್ಸೆಂಟ್ ಅವರ ಕೈಸೇರಿತು. ಅವರು ವಿಶ್ವವಿದ್ಯಾನಿಲಯವೊಂದರ ಮುಖ್ಯಸ್ಥರಾಗಿದ್ದವರು. ಮನೆತನದ ಉದ್ಯಮಕ್ಕೆ ತಗುಲುವ ವಿಷಯಗಳನ್ನು ಬಿಟ್ಟು, ಸಾರ್ವಜನಿಕ ಆರೋಗ್ಯ ಮತ್ತು ವೈದ್ಯಕೀಯ ಶಿಕ್ಷಣದ ಕಡೆ ಪ್ರತಿಷ್ಠಾನ ಹೆಚ್ಚು ಗಮನ ಕೊಟ್ಟಿತು.

ಇನ್ನು ಮುಂದಿನ ತಲೆಮಾರಿನ ತರಬೇತಿ ಮನೆಯಲ್ಲೇ ಆರಂಭವಾಯಿತು. 1920ರಲ್ಲಿ ಅವರು 14 ವರ್ಷದ ಮಗ ಜಾನ್ ಜೊತೆ 14 ಅಂಶಗಳ ಒಂದು ಕರಾರು ಮಾಡಿಕೊಂಡರು. ಕೈಖರ್ಚಿಗೆ ವಾರಕ್ಕೆ ಒಂದೂವರೆ ಡಾಲರ್. ಅದರಲ್ಲಿ ಐದನೆಯ ಒಂದು ಪಾಲಾದರೂ ದಾನಕ್ಕೆ, ಅಷ್ಟೇ ಉಳಿತಾಯಕ್ಕೆ. ಪ್ರತಿ ಖರ್ಚಿಗೂ ಲೆಕ್ಕ ಬರೆದಿಡಬೇಕು. ಈ ಹುಡುಗ 1931ರಲ್ಲಿ ಪ್ರತಿಷ್ಠಾನದ ಧರ್ಮದರ್ಶಿಯಾದರು. ಮಂಡಳಿಯ ಅಧ್ಯಕ್ಷ ಪೀಠ ಸಿಕ್ಕಿದ್ದು 1952ರಲ್ಲಿ. ಇದರ ನಡುವೆ, 1940ರಲ್ಲಿ, ಐವರು ಸಹೋದರರು ಒಟ್ಟಿಗೆ ಕುಳಿತು ದಾನ ಮಾಡಲು ಬೇರೆಯೇ ಒಂದು ನಿಧಿ ಸ್ಥಾಪಿಸಿದರು. ಅವರ ಮಕ್ಕಳ ಕಾಲಕ್ಕೆ, 1967ರಲ್ಲಿ, ಮತ್ತೊಂದು ಕುಟುಂಬ ನಿಧಿ ಬಂತು. ಮನೆಯವರ ಒಲವಿಗೆ ಹೀಗೆ ಪ್ರತ್ಯೇಕ ಸ್ಥಾನ ದೊರೆಯಿತು.

ಇದು ನಮಗೆ ದೂರದ ಕಥೆಯಲ್ಲ. 1952ರಲ್ಲಿ ಇದೇ ಪ್ರತಿಷ್ಠಾನ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆಗೂಡಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರವನ್ನು ಆರಂಭಿಸಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನ ಜ್ವರದಿಂದ ನರಳಿದಾಗ, ಮಂಗನ ಕಾಯಿಲೆಯ ವೈರಸ್ಸನ್ನು ಪತ್ತೆಹಚ್ಚಿದ್ದು ಆ ಕೇಂದ್ರವೇ. ಮಂಡಳಿಯ ಮೇಜಿನ ಸುತ್ತ ಯಾರು ಕೂರುತ್ತಾರೆ ಎಂಬುದರ ಫಲ ಮಲೆನಾಡಿನ ಹಳ್ಳಿಯವರೆಗೂ ಮುಟ್ಟೀತು.

ಸಹೋದರರು ಸ್ಥಾಪಿಸಿದ ನಿಧಿಯು 2014ರಲ್ಲಿ ಕಲ್ಲಿದ್ದಲು ಮತ್ತು ಎಣ್ಣೆ ಕಂಪನಿಗಳಲ್ಲಿ ಹೂಡಿದ್ದ ಹಣವನ್ನು ಹಿಂತೆಗೆಯುವುದಾಗಿ ಪ್ರಕಟಿಸಿತು. ಅಜ್ಜನ ಸಂಪತ್ತು ಹುಟ್ಟಿದ್ದೇ ಎಣ್ಣೆಯಿಂದ! ದತ್ತಿಯ ಹಿತ ಬೇರೆ, ಮನೆಯ ಅಭಿಮಾನ ಬೇರೆ ಎಂದು ತಿಳಿದ ಧರ್ಮದರ್ಶಿಗಳಿಂದ ಮಾತ್ರ ಆಗುವ ಕೆಲಸವಿದು.

ನಿಮ್ಮ ಮನೆತನದ ಹೆಸರಿನಲ್ಲೂ ಸಣ್ಣದೊಂದು ವಿದ್ಯಾರ್ಥಿವೇತನವೋ ಅನ್ನದಾನದ ನಿಧಿಯೋ ಇದ್ದರೆ ಹೀಗೆ ಯೋಚಿಸಿ ನೋಡಿ. ಮಂಡಳಿಯಲ್ಲಿ ‘ಬೇಡ’ ಎನ್ನಬಲ್ಲ ಹೊರಗಿನವರು ಒಬ್ಬರಾದರೂ ಇದ್ದಾರೆಯೇ? ಮುಂದೆ ಧರ್ಮದರ್ಶಿಗಳಾಗುವ ಮಕ್ಕಳ ಕೈಗೆ ಲೆಕ್ಕದ ಪುಸ್ತಕ ಈಗಲೇ ಬಂದಿದೆಯೇ? ಹಣ ಪಡೆಯುವವರ ಮನೆಯನ್ನು ಅವರು ಒಮ್ಮೆಯಾದರೂ ನೋಡಿದ್ದಾರೆಯೇ? ಹಿರಿಯರು ಇರುವಾಗಲೇ ಈ ಪ್ರಶ್ನೆಗಳನ್ನು ಕೇಳುವುದು ಲೇಸು.